ಜವೆಗೋದಿಯ ಸುಗ್ಗಿಯಲ್ಲಿ

ಯೆರೂಸಲೇಮಿನಿಂದ ಸಮುದ್ರದ ಕಡೆಗೆ ಇಳಿಯುವ ಹಾದಿಯಲ್ಲಿ ಗೆಜೆರ್ ಎಂಬ ಹಳೆಯ ಊರಿನ ದಿಬ್ಬವಿದೆ. 1908ರಲ್ಲಿ ಅದನ್ನು ಅಗೆಯುತ್ತಿದ್ದವರಿಗೆ ಅಂಗೈಯಗಲದ ಒಂದು ಸುಣ್ಣಕಲ್ಲಿನ ಹಲಗೆ ಸಿಕ್ಕಿತು. ಮೂರು ಸಾವಿರ ವರ್ಷಗಳಷ್ಟು ಹಳೆಯದು. ಅದರ ಮೇಲೆ ಯಾವ ರಾಜನ ಹೆಸರೂ ಇಲ್ಲ, ಯುದ್ಧದ ಸುದ್ದಿಯೂ ಇಲ್ಲ. ಇರುವುದು ಬೇಸಾಯದ ವರ್ಷದ ಲೆಕ್ಕ ಮಾತ್ರ. ಬಿತ್ತನೆಗೆ ಇಷ್ಟು ತಿಂಗಳು, ದ್ರಾಕ್ಷಿ ಬಳ್ಳಿ ಸವರಲು ಇಷ್ಟು, ಅಗಸೆ ಕೀಳಲು ಒಂದು, ಜವೆಗೋದಿ ಕೊಯ್ಯಲು ಒಂದು. ಎಪ್ರಿಲ್ ಹೊತ್ತಿಗೆ ಬರುವ ಆ ಜವೆಗೋದಿಯ ತಿಂಗಳಲ್ಲೇ ಬೈಬಲಿನ ಹೆಂಗಸರ ಬಾಳಿನ ಮೂರು ದೊಡ್ಡ ಘಟನೆಗಳು ನಡೆಯುತ್ತವೆ. ಒಂದು ರೂತಳದು, ಇನ್ನೊಂದು ರಿಚ್ಪಳದು, ಮತ್ತೊಂದು ಗಲಿಲಾಯದಿಂದ ಯೇಸುವಿನ ಜೊತೆ ನಡೆದು ಬಂದ ಹೆಂಗಸರದು. ಇವರ ನಡುವೆ ನೂರಾರು ವರ್ಷಗಳ ಅಂತರವಿದೆ. ಆದರೂ ಈ ಮೂರನ್ನೂ ಒಟ್ಟಿಗೆ ಓದಿದರೆ ಬಿಡಿಯಾಗಿ ಓದುವಾಗ ಕಾಣದ್ದು ಕಾಣುತ್ತದೆ ಎಂದು ನನಗೆ ಅನ್ನಿಸುತ್ತಾ ಬಂದಿದೆ.

ಜವೆಗೋದಿ ಬಡವರ ಧಾನ್ಯ. ಗೋದಿಗಿಂತ ಮೊದಲು ಹಣ್ಣಾಗುತ್ತದೆ, ಕಲ್ಲುನೆಲದಲ್ಲೂ ಕಡಿಮೆ ನೀರಿನಲ್ಲೂ ಬರುತ್ತದೆ. ಹಿಂದಿನ ವರ್ಷದ ಕಣಜ ತಳ ಕಂಡಿರುವಾಗ ಮೊದಲು ಕೈಗೆ ಸಿಗುವ ಕಾಳು ಅದೇ. ಯೇಸು ಐದು ಸಾವಿರ ಜನರಿಗೆ ಹಂಚಿದ ಐದು ರೊಟ್ಟಿಗಳು ಜವೆಗೋದಿಯವು ಎಂದು ಯೋಹಾನ ಮರೆಯದೆ ಹೇಳುತ್ತಾನೆ. ಇಸ್ರಾಯೇಲ್ಯರು ಪಸ್ಕ ಹಬ್ಬದ ಹೊತ್ತಿಗೆ ಬೆಳೆಯ ಮೊದಲ ಸಿವುಡನ್ನು ದೇವರ ಮುಂದೆ ಎತ್ತಿ ತೋರಿಸಬೇಕಿತ್ತು. ಅದಾದ ಮೇಲೆಯೇ ಹೊಸ ಧಾನ್ಯ ಬಾಯಿಗೆ ಇಡಬಹುದಿತ್ತು. ನಮ್ಮ ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮರಿಯಮ್ಮನ ಜನ್ಮದಿನಕ್ಕೆ ಹೊಸ ಭತ್ತದ ತೆನೆಯನ್ನು ಚರ್ಚಿಗೆ ತಂದು ಆಶೀರ್ವಾದ ಪಡೆದು, ಆಮೇಲೆ ಹೊಸ ಅಕ್ಕಿಯ ಊಟ ಮಾಡುವುದನ್ನು ನೋಡಿದವರಿಗೆ ಆ ಹಬ್ಬದ ಸಡಗರ ಅರ್ಥವಾಗುತ್ತದೆ. ಅದು ಹಸಿವು ಮುಗಿಯುವ ತಿಂಗಳು, ಎಲ್ಲರ ಮುಖದಲ್ಲೂ ಕಳೆ ಬರುವ ಕಾಲ. ನಾನು ಹೇಳುವ ಹೆಂಗಸರು ಆ ತಿಂಗಳಲ್ಲಿ ಅಳುತ್ತಿದ್ದರು.

ರೂತಳ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬೇಗ ದಾಟುತ್ತೇನೆ. ಬರಗಾಲಕ್ಕೆ ಹೆದರಿ ಬೇತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋದ ನೊವೊಮಿ ಅಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮಣ್ಣು ಮಾಡಿ ತಿರುಗಿ ಬರುತ್ತಾಳೆ. ಜೊತೆಯಲ್ಲಿ ವಿಧವೆ ಸೊಸೆ, ಪರದೇಶದವಳು. ಇಬ್ಬರೂ ಊರು ಮುಟ್ಟಿದಾಗ ಜವೆಗೋದಿಯ ಕೊಯ್ಲು ಶುರುವಾಗಿತ್ತು. ಊರ ಹೆಂಗಸರು ಸುತ್ತ ನೆರೆದಾಗ ನೊವೊಮಿ ತಾನು ಬರಿಗೈಯಲ್ಲಿ ಬಂದಿದ್ದೇನೆ ಎಂದು ದೇವರ ಮೇಲೇ ದೂರು ಹೇಳುತ್ತಾಳೆ. ಆ ಮಾತು ಆಡುವಾಗ ರೂತಳು ಪಕ್ಕದಲ್ಲೇ ನಿಂತಿದ್ದಾಳೆ. ತವರು, ದೇವರು, ಭಾಷೆ ಎಲ್ಲ ಬಿಟ್ಟು ಬಂದವಳ ಎದುರಿನಲ್ಲೇ ಅತ್ತೆ ತನಗೆ ಏನೂ ಉಳಿದಿಲ್ಲ ಅನ್ನುತ್ತಾಳೆ. ರೂತಳು ಅದಕ್ಕೆ ಮರುಮಾತು ಆಡಿದ ದಾಖಲೆ ಇಲ್ಲ. ಮುಂದಿನ ಪುಟದಲ್ಲಿ ಅವಳು ಹಕ್ಕಲು ತೆನೆ ಆಯಲು ಹೊಲಕ್ಕೆ ಹೊರಟಿರುತ್ತಾಳೆ. ಸಂಜೆಯವರೆಗೆ ಆಯ್ದು, ಕೋಲಿನಿಂದ ಬಡಿದು, ಒಂದು ಏಫದಷ್ಟು, ಅಂದರೆ ಇಪ್ಪತ್ತು ಲೀಟರಿಗೂ ಮಿಕ್ಕ ಕಾಳು ಹೊತ್ತು ತರುತ್ತಾಳೆ. ಇದಕ್ಕಿಂತ ನನ್ನನ್ನು ತಟ್ಟುವುದು ಇನ್ನೊಂದು ಸಣ್ಣ ಸಂಗತಿ. ಮಧ್ಯಾಹ್ನ ಹೊಲದ ಒಡೆಯ ಬೋವಜನು ಕೊಟ್ಟ ಹುರಿದ ಕಾಳಿನಲ್ಲಿ ತಾನು ತಿಂದು ಮಿಕ್ಕಿದ್ದನ್ನು ಸೆರಗಿನಲ್ಲಿ ಉಳಿಸಿ ತಂದು ಅತ್ತೆಯ ಕೈಗೆ ಹಾಕುತ್ತಾಳೆ. ತನಗೇನೂ ಉಳಿದಿಲ್ಲ ಅಂದವಳ ಕೈಗೆ.

ಆ ಪುಸ್ತಕದ ಕೊನೆಯಲ್ಲಿ ರೂತಳಿಗೂ ಬೋವಜನಿಗೂ ಮದುವೆಯಾಗಿ ಮಗು ಹುಟ್ಟಿದಾಗ ಬೇತ್ಲೆಹೇಮಿನ ಹೆಂಗಸರು ನೊವೊಮಿಗೆ ಒಂದು ಮಾತು ಹೇಳುತ್ತಾರೆ: ಏಳು ಗಂಡುಮಕ್ಕಳಿಗಿಂತ ಈ ಸೊಸೆ ಮೇಲು ಎಂಬರ್ಥದ ಮಾತು. ಆ ಮಗುವಿನ ಮೊಮ್ಮಗನೇ ದಾವೀದ. ರೂತಳು ಅವನಿಗೆ ಮುತ್ತಜ್ಜಿ. ಏಳು ಗಂಡುಮಕ್ಕಳು ಎಂಬ ಲೆಕ್ಕವನ್ನು ಇಲ್ಲಿ ನೆನಪಿನಲ್ಲಿಡಬೇಕು. ಏಕೆಂದರೆ ಇನ್ನೊಂದು ಜವೆಗೋದಿಯ ಸುಗ್ಗಿಯಲ್ಲಿ ಇದೇ ದಾವೀದ ಏಳು ಗಂಡಸರನ್ನು ನೇಣಿಗೆ ಒಪ್ಪಿಸುತ್ತಾನೆ.

ಎರಡನೇ ಸಮುವೇಲನ ಇಪ್ಪತ್ತೊಂದನೇ ಅಧ್ಯಾಯವನ್ನು ನಮ್ಮ ಸಭೆಗಳಲ್ಲಿ ಪೀಠದಿಂದ ಓದುವುದು ಅಪರೂಪ. ದಾವೀದನ ಕಾಲದಲ್ಲಿ ಮೂರು ವರ್ಷ ಬಿಡದೆ ಬರ ಬಂತು. ಕಾರಣವೇನೆಂದು ದೇವರನ್ನು ವಿಚಾರಿಸಿದಾಗ, ಹಿಂದಿನ ಅರಸ ಸೌಲನು ಗಿಬ್ಯೋನ್ಯರನ್ನು ಕೊಂದ ರಕ್ತದ ದೋಷ ಎಂದು ಗೊತ್ತಾಯಿತು. ಗಿಬ್ಯೋನ್ಯರು ಇಸ್ರಾಯೇಲ್ಯರಲ್ಲ. ಯೆಹೋಶುವನ ಕಾಲದಲ್ಲಿ ಹಳಸಿದ ರೊಟ್ಟಿ, ಸವೆದ ಕೆರ ತೋರಿಸಿ, ದೂರದಿಂದ ಬಂದವರೆಂದು ನಂಬಿಸಿ, ಪ್ರಾಣ ಉಳಿಸುವ ಆಣೆ ಪಡೆದುಕೊಂಡ ಜನ. ಆ ಆಣೆಯನ್ನು ಸೌಲ ಮುರಿದಿದ್ದ. ಈಗ ಅವರು ಬೆಳ್ಳಿ ಬಂಗಾರ ಬೇಡ ಎಂದರು, ಸೌಲನ ಮನೆತನದ ಏಳು ಮಂದಿಯನ್ನು ಕೇಳಿದರು. ಸೌಲನ ಮಗನೂ ತನ್ನ ಗೆಳೆಯನೂ ಆಗಿದ್ದ ಯೋನಾತಾನನಿಗೆ ಕೊಟ್ಟ ಮಾತಿಗಾಗಿ ದಾವೀದ ಅವನ ಮಗನನ್ನು ಉಳಿಸಿದ. ಉಳಿದವರಲ್ಲಿ ಸೌಲನ ಉಪಪತ್ನಿ ರಿಚ್ಪಳ ಇಬ್ಬರು ಮಕ್ಕಳು ಅರ್ಮೋನೀ ಮತ್ತು ಮೆಫೀಬೋಶೆತ್, ಸೌಲನ ಮಗಳು ಮೇರಬಳ ಐದು ಮಂದಿ ಮಕ್ಕಳು, ಹೀಗೆ ಏಳು ಮಂದಿಯನ್ನು ಒಪ್ಪಿಸಿದ. ಅವರನ್ನು ಬೆಟ್ಟದ ಮೇಲೆ ದೇವರ ಸನ್ನಿಧಿಯಲ್ಲಿ ಒಂದೇ ಸಲ ತೂಗುಹಾಕಿದರು. ಜವೆಗೋದಿಯ ಕೊಯ್ಲು ಶುರುವಾದ ದಿನಗಳವು.

ಸೌಲನ ವಂಶ ಅಳಿದರೆ ದಾವೀದನ ಗದ್ದುಗೆಗೆ ಲಾಭ ಎಂಬುದನ್ನು ಓದುವ ಯಾರಾದರೂ ಗಮನಿಸುತ್ತಾರೆ. ಒಮ್ಮೆ ಶಿಮ್ಮೀ ಎಂಬವನು ದಾರಿಯಲ್ಲಿ ಕಲ್ಲೆಸೆಯುತ್ತ ದಾವೀದನನ್ನು ಶಪಿಸುವುದೂ ಸೌಲನ ಮನೆಯ ರಕ್ತದ ಹೆಸರೆತ್ತಿಯೇ. ಅದೇನಿದ್ದರೂ ಅಂದು ಬೆಟ್ಟದ ಮೇಲೆ ಒಂದು ನಿಯಮ ಮುರಿಯಿತು. ಮರಕ್ಕೆ ತೂಗುಹಾಕಿದವನ ಹೆಣವನ್ನು ಅಂದೇ ಹೂಳಬೇಕು, ರಾತ್ರಿಯಿಡೀ ಬಿಡಬಾರದು ಎಂದು ಧರ್ಮೋಪದೇಶಕಾಂಡದಲ್ಲಿದೆ. ಯೆಹೋಶುವ ಶತ್ರುರಾಜರ ವಿಷಯದಲ್ಲೂ ಸೂರ್ಯ ಮುಳುಗುವ ಹೊತ್ತಿಗೆ ಹೆಣ ಇಳಿಸಿದ್ದ. ಈ ಏಳು ಮಂದಿಯನ್ನು ಯಾರೂ ಇಳಿಸಲಿಲ್ಲ.

ಆಗ ರಿಚ್ಪಳು ಗೋಣಿತಟ್ಟು ತೆಗೆದುಕೊಂಡು ಬಂದು ಬಂಡೆಯ ಮೇಲೆ ಹಾಸಿಕೊಂಡು ಕುಳಿತಳು. ಹಗಲು ಹಕ್ಕಿಗಳು ಎರಗದ ಹಾಗೆ, ರಾತ್ರಿ ಕಾಡುಮೃಗಗಳು ಮುಟ್ಟದ ಹಾಗೆ ಕಾದಳು. ಕೊಯ್ಲಿನ ಮೊದಲಿನಿಂದ ಆಕಾಶದ ನೀರು ಆ ಹೆಣಗಳ ಮೇಲೆ ಬೀಳುವ ತನಕ. ಎಷ್ಟು ದಿನ ಎಂದು ಪುಸ್ತಕ ಲೆಕ್ಕ ಕೊಡುವುದಿಲ್ಲ. ಆ ಸೀಮೆಯಲ್ಲಿ ಎಪ್ರಿಲ್ ಕಳೆದ ಮೇಲೆ ಮಳೆ ನಿಂತರೆ ಮತ್ತೆ ಹನಿಯುವುದು ಅಕ್ಟೋಬರ್ ಸುಮಾರಿಗೆ. ಅಕಾಲದ ಒಂದು ಮಳೆ ಬಂದಿರದಿದ್ದರೆ ಅವಳು ಅಲ್ಲಿ ಕಳೆದದ್ದು ಒಂದು ಪೂರ್ತಿ ಬೇಸಿಗೆ.

ಆ ಬೇಸಿಗೆ ಹೇಗಿತ್ತೆಂದು ಯೋಚಿಸುತ್ತೇನೆ. ಮೊದಲ ವಾರಗಳಲ್ಲಿ ಮರಳುಗಾಡಿನ ಕಡೆಯಿಂದ ಬೀಸುವ ಬಿಸಿಗಾಳಿ. ಬೆಟ್ಟದ ಕೆಳಗೆ ಹೊಲಗಳಲ್ಲಿ ಕುಡುಗೋಲಿನ ಸದ್ದು, ಹಾಡು, ಮೂರು ವರ್ಷದ ಬರದ ನಡುವೆ ಸಿಕ್ಕಿದಷ್ಟು ಬೆಳೆ. ಬಯಲುಸೀಮೆಯ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸಿದವರಿಗೆ ಆ ಕೆಲಸದ ದಣಿವು ಗೊತ್ತು. ಹಕ್ಕಿಗೆ ಹೆದರಿಕೆ ಕ್ಷಣಹೊತ್ತಿನದು. ಕೂಗಿದರೆ ಏಳುತ್ತದೆ, ಒಂದು ಸುತ್ತು ಹಾಕಿ ಅಲ್ಲೇ ಬಂದು ಕೂರುತ್ತದೆ. ಕಾಯುವವರು ಕಣ್ಣು ಮುಚ್ಚುವುದನ್ನೇ ಅದು ಕಾಯುತ್ತಿರುತ್ತದೆ. ರಿಚ್ಪಳಿಗೆ ರಾತ್ರಿಯ ಪಾಳಿ ಹೊತ್ತುಕೊಳ್ಳುವವರೂ ಇರಲಿಲ್ಲ. ನರಿ, ಕತ್ತೆಕಿರುಬ ಬರುವುದು ಕತ್ತಲಲ್ಲಿ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿಕರ್ಣನ ಎಳೆಯ ಹೆಂಡತಿ ಗಂಡನ ಹೆಣದ ಮೇಲೆ ಎರಗುವ ಹದ್ದುಗಳನ್ನು ಓಡಿಸಲಾಗದೆ ಒದ್ದಾಡುವುದನ್ನು ಗಾಂಧಾರಿ ಕೃಷ್ಣನಿಗೆ ತೋರಿಸುತ್ತಾಳೆ. ಅಲ್ಲಿ ನೋಡಲು ಗಾಂಧಾರಿ ಇದ್ದಳು, ಕೇಳಿಸಿಕೊಳ್ಳಲು ಕೃಷ್ಣನಿದ್ದ. ಈ ಬಂಡೆಯ ಮೇಲೆ ಅಂಥ ಯಾರೂ ಇರಲಿಲ್ಲ.

ಹೆಣಗಳು ಬರಬರುತ್ತ ಹೇಗಾಗಿರಬೇಕು ಎಂಬುದನ್ನು ಬರೆಯಲು ಕೈ ಏಳುವುದಿಲ್ಲ. ಹೆತ್ತ ಮಕ್ಕಳ ಮುಖ ಗುರುತು ಸಿಗದ ಹಾಗಾದ ಮೇಲೂ ಅವಳು ಎದ್ದು ಹೋಗಲಿಲ್ಲ ಎಂಬುದಂತೂ ನಿಜ. ಮತ್ತೂ ಒಂದು ಸಂಗತಿಯಿದೆ. ತೂಗುತ್ತಿದ್ದ ಏಳರಲ್ಲಿ ಅವಳ ಹೊಟ್ಟೆಯಲ್ಲಿ ಹುಟ್ಟಿದವರು ಇಬ್ಬರೇ. ಉಳಿದ ಐವರು ಮೇರಬಳ ಮಕ್ಕಳು. ಹೆಚ್ಚಿನ ಹೀಬ್ರೂ ಹಸ್ತಪ್ರತಿಗಳಲ್ಲಿ ಅವಳ ತಂಗಿ ಮೀಕಲಳ ಹೆಸರಿದೆ. ಯಾರೇ ಆಗಲಿ, ಆ ತಾಯಿ ಅಲ್ಲಿ ಕಾಣುವುದಿಲ್ಲ. ಅವಳು ಬದುಕಿದ್ದಳೋ, ಬರಲು ಬಿಡಲಿಲ್ಲವೋ, ಬರುವ ಚೈತನ್ಯವೇ ಉಡುಗಿತ್ತೋ. ರಿಚ್ಪಳು ತನ್ನವರು, ಬೇರೆಯವರು ಎಂದು ವಿಂಗಡಿಸಲಿಲ್ಲ. ಹದ್ದು ಯಾವ ಕಂಬದ ಕಡೆ ಇಳಿದರೂ ಎದ್ದು ಓಡಿದಳು. ಅರಮನೆಯ ಲೆಕ್ಕದಲ್ಲಿ ಮಹಾರಾಣಿಯ ಮೊಮ್ಮಕ್ಕಳು ಒಂದು ಸಾಲು, ಉಪಪತ್ನಿಯ ಮಕ್ಕಳು ಇನ್ನೊಂದು ಸಾಲು. ಆ ಸಾಲುಗಳನ್ನು ಅವಳು ಬೆಟ್ಟದ ಮೇಲೆ ಅಳಿಸಿಹಾಕಿದಳು.

ಇಡೀ ಬೈಬಲಿನಲ್ಲಿ ರಿಚ್ಪಳು ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಈ ಘಟನೆಗೆ ಮೊದಲು ಅವಳ ಹೆಸರು ಒಮ್ಮೆ ಬರುತ್ತದೆ, ಅದೂ ಗಂಡಸರ ಜಗಳದಲ್ಲಿ. ಸೌಲ ಸತ್ತ ಮೇಲೆ ಸೇನಾಪತಿ ಅಬ್ನೇರ ಅವಳ ಬಳಿ ಹೋದನೆಂದು ಸೌಲನ ಮಗ ಆರೋಪಿಸುತ್ತಾನೆ, ಅಬ್ನೇರ ಸಿಟ್ಟಾಗಿ ದಾವೀದನ ಕಡೆ ವಾಲುತ್ತಾನೆ, ರಾಜ್ಯ ಕೈಬದಲಾಯಿಸುವುದಕ್ಕೆ ಅದೊಂದು ನೆಪವಾಗುತ್ತದೆ. ಅವಳಿಗೆ ಏನು ಆಗಿತ್ತೆಂದು ಒಬ್ಬರೂ ಕೇಳುವುದಿಲ್ಲ. ಇನ್ನೊಬ್ಬರ ಮಾತಿನಲ್ಲಿ ಸರಕಾಗಿ ಬಂದುಹೋದ ಈ ಹೆಂಗಸು ಎರಡನೇ ಸಲ ಕಾಣಿಸಿಕೊಳ್ಳುವಾಗ ತಾನಾಗಿಯೇ ಎದ್ದು ನಡೆದು ಬರುತ್ತಾಳೆ. ಕರೆದವರಿಲ್ಲ, ಕಳಿಸಿದವರಿಲ್ಲ.

ಸುದ್ದಿ ದಾವೀದನಿಗೆ ಮುಟ್ಟಿತು. ಅವನು ಎದ್ದು ಯಾಬೇಷ್ ಗಿಲ್ಯಾದಿಗೆ ಹೋದ. ವರ್ಷಗಳ ಹಿಂದೆ ಫಿಲಿಷ್ಟಿಯರು ಸೌಲ ಯೋನಾತಾನರ ಹೆಣಗಳನ್ನು ಬೇತ್‌ಷೆಯಾನಿನಲ್ಲಿ ನೇತುಹಾಕಿದ್ದಾಗ, ರಾತ್ರಿಯೆಲ್ಲ ನಡೆದು ಅವನ್ನು ಇಳಿಸಿ ತಂದವರು ಆ ಊರಿನವರು. ಅವರಲ್ಲಿದ್ದ ಎಲುಬುಗಳನ್ನು ಪಡೆದು, ಬೆಟ್ಟದ ಮೇಲಿನ ಏಳು ಮಂದಿಯ ಎಲುಬುಗಳನ್ನೂ ಆರಿಸಿ ತರಿಸಿ, ಸೌಲನ ತಂದೆ ಕೀಷನ ಸಮಾಧಿ ಇದ್ದಲ್ಲಿ ಬೆನ್ಯಾಮೀನ್ಯರ ನಾಡಿನಲ್ಲಿ ಮಣ್ಣು ಮಾಡಿಸಿದ. ಇದಾದ ಮೇಲೆ ದೇವರು ದೇಶಕ್ಕಾಗಿ ಮಾಡಿದ ಬಿನ್ನಹವನ್ನು ಆಲಿಸಿದನು ಎಂದು ಅಧ್ಯಾಯದ ಆ ಭಾಗ ಮುಗಿಯುತ್ತದೆ.

ನಾನು ಮತ್ತೆ ಮತ್ತೆ ಹಿಂದಿರುಗುವುದು ಈ ಸಾಲಿಗೆ. ಏಳು ಮಂದಿಯನ್ನು ನೇಣು ಹಾಕಿದಾಗ ದೇವರು ಆಲಿಸಿದ ಎಂದು ಬರೆದಿಲ್ಲ. ರಕ್ತಕ್ಕೆ ರಕ್ತ ತೀರಿಸಿದ್ದರಿಂದ ಬರ ಹೋಯಿತು ಎಂದು ಅರಮನೆಯವರು ಲೆಕ್ಕ ಹಾಕಿದ್ದಿರಬಹುದು. ಗಿಬ್ಯೋನ್ಯರಿಗೂ ನ್ಯಾಯ ಸಿಕ್ಕಿತು ಅನ್ನಿಸಿರಬಹುದು. ಅವರ ನೋವು ಸುಳ್ಳಲ್ಲ, ಅವರೂ ತಮ್ಮವರನ್ನು ಕಳೆದುಕೊಂಡವರೇ. ಆದರೆ ಬರೆದವನು ದೇವರ ಕಿವಿ ತೆರೆದ ಗಳಿಗೆಯನ್ನು ಎಲ್ಲಿ ಇಟ್ಟಿದ್ದಾನೆ ನೋಡಿ. ಒಬ್ಬ ಹೆಂಗಸಿನ ಕಾವಲನ್ನು ಕಂಡು ಅರಸನ ಮನಸ್ಸು ತಿರುಗಿದ ಮೇಲೆ, ಎಲುಬುಗಳು ಮಣ್ಣಿಗೆ ಸೇರಿದ ಮೇಲೆ. ಹಾಗೆಂದು ರಿಚ್ಪಳು ಮಳೆಗಾಗಿ ಕುಳಿತಿರಲಿಲ್ಲ, ಅರಸನ ಮನಸ್ಸು ಕರಗಲಿ ಎಂದೂ ಕುಳಿತಿದ್ದಂತೆ ಕಾಣುವುದಿಲ್ಲ. ಅವಳು ಪ್ರಾರ್ಥಿಸಿದಳೆಂದು ಕೂಡ ಬರೆದಿಲ್ಲ. ನಾವು ಪ್ರಾರ್ಥಿಸುವುದು ಏನಾದರೂ ಆಗಲಿ ಎಂದು ಅಥವಾ ಆಗದಿರಲಿ ಎಂದು. ಅವಳ ಮುಂದೆ ಎಲ್ಲ ಆಗಿ ಮುಗಿದಿತ್ತು. ಕೇಳಿಕೊಳ್ಳಲು ಏನೂ ಉಳಿದಿರದ ಜಾಗದಲ್ಲಿ ಮಾಡಬೇಕಾದದ್ದು ಒಂದು ಉಳಿದಿತ್ತು. ಅವಳು ಅದನ್ನು ಮಾಡಿದಳು. ಪ್ರಾರ್ಥನೆಯ ಬಗ್ಗೆ ನಾನು ಓದಿದ ಎಷ್ಟೋ ಪುಸ್ತಕಗಳಿಗಿಂತ ಈ ಹೆಂಗಸು ನನಗೆ ಹೆಚ್ಚು ಹೇಳಿದ್ದಾಳೆ.

ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಈ ಅಧ್ಯಾಯ ಓದಿದ ದಿನ ಮಾತು ಹೊರಡಲು ಹೊತ್ತು ಹಿಡಿಯಿತು. ಕೊನೆಗೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಬೀಡಿ ಕಟ್ಟಿ ಮನೆ ನಡೆಸಿದವರು, ಒಂದು ಪ್ರಶ್ನೆ ಕೇಳಿದರು. “ಅಲ್ಲಮ್ಮ, ಅಷ್ಟು ದಿನ ಅವಳಿಗೆ ನೀರು ಯಾರು ಕೊಟ್ರು?” ಯಾವ ವ್ಯಾಖ್ಯಾನದಲ್ಲೂ ಆ ಪ್ರಶ್ನೆ ನನಗೆ ಸಿಕ್ಕಿರಲಿಲ್ಲ. ಒಬ್ಬರು, ಕೊಯ್ಲಿನ ಹೆಣ್ಣಾಳುಗಳು ಯಾರಿಗೂ ಕಾಣದ ಹಾಗೆ ಮುಸ್ಸಂಜೆಯಲ್ಲಿ ಮೇಲೆ ಹೋಗಿರುತ್ತಾರೆ ಎಂದರು. ಇನ್ನೊಬ್ಬರು, ಅರಸನಿಗೆ ಹೆದರಿ ಯಾರೂ ಹೋಗಿರಲಿಕ್ಕಿಲ್ಲ ಎಂದರು. ಗಂಡನ ಕಾಯಿಲೆಗಾಗಿ ತಿಂಗಳುಗಟ್ಟಲೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಚಾಪೆ ಹಾಸಿ ಮಲಗಿದ್ದ ಒಬ್ಬಾಕೆ ತಮ್ಮ ಅನುಭವ ಹೇಳಿದರು. ಪಕ್ಕದ ಚಾಪೆಯವಳು ಕೆಳಗೆ ಹೋದಾಗಲೆಲ್ಲ ಎರಡು ಚಹಾ ತರುತ್ತಿದ್ದಳಂತೆ. ಅವಳ ಜಾತಿ ಗೊತ್ತಿಲ್ಲ, ಹೆಸರನ್ನೂ ಕೇಳಿರಲಿಲ್ಲ, ಅವಳ ರೋಗಿ ತೀರಿಕೊಂಡ ದಿನ ಮಾತ್ರ ಇಬ್ಬರೂ ತಬ್ಬಿಕೊಂಡು ಅತ್ತರಂತೆ. ಯಾರೋ ಕೊಟ್ಟಿರುತ್ತಾರೆ ಬಿಡಿ, ಕೊಡದೆ ಒಬ್ಬಳು ಅಷ್ಟು ದಿನ ಬದುಕುವುದು ಹೇಗೆ ಎಂದು ಅವರು ಮುಗಿಸಿದರು. ಕೂಟದಲ್ಲಿ ಅದೇ ತೀರ್ಮಾನವಾಯಿತು. ಪುಸ್ತಕದಲ್ಲಿ ಬರೆಯದ ಆ ನೀರು ಹೊತ್ತವಳನ್ನು ನಾನು ಈಗ ರಿಚ್ಪಳ ಪಕ್ಕದಲ್ಲೇ ಕಾಣುತ್ತೇನೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬೈಬಲಿನ ಹೆಂಗಸರಿಂದ ತಾಳ್ಮೆ ಕಲಿಯಿರಿ ಎಂದು ಹೆಣ್ಣುಮಕ್ಕಳಿಗೆ ಬೋಧಿಸುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ಹೊಡೆತ ತಿಂದು ತವರಿಗೆ ಬಂದವಳಿಗೆ ರೂತಳ ಉದಾಹರಣೆ ಕೊಟ್ಟು ವಾಪಸ್ಸು ಕಳಿಸಿದ್ದನ್ನು ನಾನು ಬಲ್ಲೆ. ಅದು ರೂತಳಿಗೂ ಆ ಮಗಳಿಗೂ ಮಾಡಿದ ಅನ್ಯಾಯ. ರೂತಳು ತನ್ನನ್ನು ಹಿಂಸಿಸಿದವರ ಮನೆಯಲ್ಲಿ ಉಳಿದವಳಲ್ಲ. ಒಂಟಿಯಾದ ಒಬ್ಬ ಮುದುಕಿಯ ಜೊತೆ ನಿಲ್ಲಲು ತನ್ನ ಊರನ್ನೇ ಬಿಟ್ಟು ಹೊರಟವಳು. ರಿಚ್ಪಳು ತನಗೆ ಬಂದದ್ದನ್ನು ಸಹಿಸಿಕೊಂಡು ಮನೆಯ ಮೂಲೆಯಲ್ಲಿ ಕುಳಿತಿದ್ದರೆ ಗಂಡಸರ ಜಗಳದಲ್ಲಿ ಬಂದುಹೋದ ಹೆಸರಷ್ಟೇ ನಮಗೆ ಉಳಿಯುತ್ತಿತ್ತು. ಅವಳು ಅರಸನ ತೀರ್ಪು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಹೋಗಿ ಕುಳಿತಳು. 1977ರ ಎಪ್ರಿಲ್ 30ರಂದು ಬ್ಯೂನಸ್ ಐರಿಸ್ಸಿನ ಮೇ ಚೌಕದಲ್ಲಿ, ಸೈನಿಕ ಸರ್ಕಾರ ಕಾಣೆ ಮಾಡಿದ ತಮ್ಮ ಮಕ್ಕಳಿಗಾಗಿ ಮೊದಲ ಸಲ ಸೇರಿದ ಹದಿನಾಲ್ಕು ತಾಯಂದಿರು ಮಾಡಿದ್ದೂ ಇದನ್ನೇ. ಇದಕ್ಕೆ ತಾಳ್ಮೆ ಎಂಬ ಹೆಸರು ಸಾಲದು. ಇದರಲ್ಲಿ ಒಪ್ಪದಿರುವುದು ಇದೆ, ಎದ್ದು ಹೋಗದಿರುವುದೂ ಇದೆ.

ಮೂರನೆಯ ಸುಗ್ಗಿ ಯೇಸು ಶಿಲುಬೆಗೇರಿದ ಪಸ್ಕದ ಸುಗ್ಗಿ. ರಿಚ್ಪಳಿಗೆ ನೀರು ಕೊಟ್ಟವರ ಹೆಸರು ತಿಳಿಯದಿದ್ದರೂ ಯೇಸುವಿಗೆ ಊಟ ಹಾಕಿದವರ ಹೆಸರನ್ನು ಲೂಕ ಬರೆದಿಟ್ಟಿದ್ದಾನೆ: ಮಗ್ದಲದ ಮರಿಯಳು, ಹೆರೋದನ ಮನೆವಾರ್ತೆಯವನಾದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು, ಇನ್ನೂ ಅನೇಕರು. ತಮ್ಮ ಸ್ವಂತ ಆಸ್ತಿಯಿಂದ ಖರ್ಚು ವಹಿಸಿಕೊಂಡು ಊರೂರು ತಿರುಗಿದವರು. ಸುವಾರ್ತೆಗಳಲ್ಲಿ ಇವರ ಸೇವೆಯ ಪ್ರಸ್ತಾಪ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. ಶಿಷ್ಯರು ಚದರಿ ಹೋದ ಸಂಜೆ ಇವರೇ ಉಳಿದಿರುತ್ತಾರೆ. ದೂರದಿಂದ ನೋಡುತ್ತಿದ್ದರು ಎಂದು ಮಾರ್ಕ ಹೇಳುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ತಾಯಿ ಮರಿಯಳೂ ಜೊತೆಗಿದ್ದವರೂ ಶಿಲುಬೆಯ ಬಳಿಯಲ್ಲೇ ನಿಂತಿದ್ದಾರೆ.

ಮಗ್ದಲದ ಮರಿಯಳಿಗೆ ಸಭೆಯ ಇತಿಹಾಸ ಮಾಡಿದ್ದು ಸಣ್ಣ ಅನ್ಯಾಯವಲ್ಲ. 591ರಲ್ಲಿ ಪೋಪ್ ಮಹಾ ಗ್ರೆಗೋರಿಯವರು ಒಂದು ಪ್ರಸಂಗದಲ್ಲಿ ಅವಳನ್ನು ಲೂಕನ ಸುವಾರ್ತೆಯ ಹೆಸರಿಲ್ಲದ ಪಾಪಿ ಹೆಂಗಸಿನ ಜೊತೆ ಒಂದಾಗಿಸಿದರು. ಆಮೇಲೆ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಚಿತ್ರಗಳಲ್ಲಿ, ಪ್ರಸಂಗಗಳಲ್ಲಿ ಅವಳು ಪಶ್ಚಾತ್ತಾಪ ಪಡುವ ವೇಶ್ಯೆಯಾಗಿಯೇ ಉಳಿದಳು. ಸುವಾರ್ತೆಗಳಲ್ಲಿ ಹಾಗೆ ಎಲ್ಲೂ ಇಲ್ಲ. ರೋಮ್ 1969ರಲ್ಲಿ ಪಂಚಾಂಗ ಪರಿಷ್ಕರಿಸಿದಾಗ ಆ ಜೋಡಣೆಯನ್ನು ಕೈಬಿಟ್ಟಿತು. 2016ರಲ್ಲಿ ಪೋಪ್ ಫ್ರಾನ್ಸಿಸರು ಅವಳ ಜುಲೈ 22ರ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ದರ್ಜೆಗೆ ಏರಿಸಿದರು. ತಿದ್ದುವುದಕ್ಕೆ ತಡವಾದರೂ ತಿದ್ದಿದ್ದು ಒಳ್ಳೆಯದಾಯಿತು.

ರೋಮನರು ಶಿಲುಬೆಗೇರಿಸಿದವರನ್ನು ಬಹಳ ಸಲ ಅಲ್ಲೇ ಬಿಡುತ್ತಿದ್ದರು, ಹದ್ದುಗಳ ಪಾಲಿಗೆ. ಈ ಸಲ ಅರಿಮಥಾಯದ ಯೋಸೇಫನೆಂಬ ಸಿರಿವಂತ ರೋಮನ್ ಅಧಿಪತಿ ಪಿಲಾತನ ಬಳಿಗೆ ಹೋಗಿ ಹೆಣವನ್ನು ಕೇಳಿ ಪಡೆದ. ರಿಚ್ಪಳ ಬೆಟ್ಟದ ಮೇಲೆ ಮುರಿದಿದ್ದ ಆ ಹಳೆಯ ನಿಯಮ ಇಲ್ಲಿ ಉಳಿಯಿತು, ಸೂರ್ಯ ಮುಳುಗುವ ಮೊದಲೇ ಹೆಣ ಕೆಳಗಿಳಿಯಿತು. ಹಕ್ಕಿ ಓಡಿಸುವ ಕೆಲಸ ಹೆಂಗಸರಿಗೆ ಉಳಿಯಲಿಲ್ಲ. ಆದರೂ ಅವರು ಹೋಗಲಿಲ್ಲ. ಮಗ್ದಲದ ಮರಿಯಳೂ ಇನ್ನೊಬ್ಬ ಮರಿಯಳೂ ಸಮಾಧಿಗೆ ಎದುರಾಗಿ ಕುಳಿತಿದ್ದರು ಎಂದು ಮತ್ತಾಯ ಬರೆಯುತ್ತಾನೆ. ಬಂಡೆಗೆ ಎದುರಾಗಿ ಕುಳಿತ ಹೆಂಗಸು ನಮಗೆ ಹೊಸಬಳಲ್ಲ.

ಸಬ್ಬತ್ ಮುಗಿದ ಮೇಲೆ ಸುಗಂಧದ್ರವ್ಯ ಕೊಂಡುಕೊಂಡು ನಸುಕಿನಲ್ಲಿ ಹೊರಟ ಇವರು ದಾರಿಯಲ್ಲಿ ಮಾತಾಡಿಕೊಂಡದ್ದು ಬಾಗಿಲಿನ ಕಲ್ಲನ್ನು ಉರುಳಿಸುವವರು ಯಾರು ಎಂದು. ಕಲ್ಲು ಉರುಳುತ್ತದೆ ಎಂಬ ಭರವಸೆ ಇರಲಿಲ್ಲ, ಉರುಳಿಸುವ ಶಕ್ತಿಯೂ ಇರಲಿಲ್ಲ, ಆದರೂ ಹೊರಟಿದ್ದರು. ಈಸ್ಟರ್ ದಿನದ ಪ್ರಸಂಗಗಳಲ್ಲಿ ಅವರ ನಂಬಿಕೆಯನ್ನು ಹೊಗಳುವುದನ್ನು ಕೇಳಿದ್ದೇನೆ. ನನಗೆ ಕಾಣುವುದು ಬೇರೆ. ಅವರು ಜೀವಂತನನ್ನು ನಿರೀಕ್ಷಿಸಿ ಹೋಗಲಿಲ್ಲ. ಹಾಗಿದ್ದರೆ ಸುಗಂಧದ್ರವ್ಯಕ್ಕೆ ದುಡ್ಡು ಹಾಕುವುದೇಕೆ? ಅವಸರದಲ್ಲಿ ಮಣ್ಣಾದ ಒಬ್ಬ ಪ್ರಿಯನ ಹೆಣಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಲು ಹೋದರು. ಪುನರುತ್ಥಾನದ ಸುದ್ದಿ ಮೊದಲು ಸಿಕ್ಕಿದ್ದು ಇಂಥವರಿಗೆ. ದೊಡ್ಡ ನಂಬಿಕೆ ಇಟ್ಟುಕೊಂಡು ಬೇರೆಲ್ಲೋ ಕಾಯುತ್ತಿದ್ದವರಿಗೆ ಸಿಗಲಿಲ್ಲ. ಹಾಗೆ ಕಾಯುತ್ತಿದ್ದವರು ಯಾರೂ ಇರಲಿಲ್ಲ ಎಂಬುದೂ ನಿಜ. ಯೋಹಾನನ ಪ್ರಕಾರ ಪೇತ್ರನೂ ಇನ್ನೊಬ್ಬ ಶಿಷ್ಯನೂ ಓಡಿಬಂದು ಬರಿದಾದ ಗವಿಯನ್ನು ನೋಡಿ ಮನೆಗೆ ಹೋಗಿಬಿಡುತ್ತಾರೆ. ಮರಿಯಳು ಅಲ್ಲೇ ಅಳುತ್ತ ನಿಂತಿರುತ್ತಾಳೆ. ಅವಳು ಕೇಳುವುದು ಹೆಣ ಎಲ್ಲಿ ಎಂದೇ. ತಾನು ಹೊತ್ತುಕೊಂಡು ಹೋಗುವುದಾಗಿಯೂ ಹೇಳುತ್ತಾಳೆ. ತೋಟಗಾರನೆಂದು ಅವಳು ತಿಳಿದವನು ಆಗ ಅವಳ ಹೆಸರು ಹಿಡಿದು ಕರೆಯುತ್ತಾನೆ.

ಭರವಸೆ ಇದ್ದವರೇ ಉಳಿಯುತ್ತಾರೆ ಎಂದು ನಾವು ಅಂದುಕೊಂಡಿರುತ್ತೇವೆ. ಈ ಮೂರು ಸುಗ್ಗಿಗಳಲ್ಲೂ ಅದು ತಿರುಗಮುರುಗ ಆಗಿದೆ. ರೂತಳು ಹೊರಟಾಗ ನೊವೊಮಿಯ ಬಳಿ ಅವಳಿಗೆ ಕೊಡಲು ಏನೂ ಇರಲಿಲ್ಲ, ಗಂಡನೂ ಹೊಲವೂ ಸಿಗುವ ಸುಳಿವೂ ಇರಲಿಲ್ಲ. ರಿಚ್ಪಳಿಗೆ ಯಾವ ಭರವಸೆ? ಗಲಿಲಾಯದವರ ಕೈಯಲ್ಲಿದ್ದದ್ದು ಹೆಣಕ್ಕೆ ಹಚ್ಚುವ ಪರಿಮಳ. ಪ್ರೀತಿ ಮೊದಲು ಹೋಗಿ ಕುಳಿತಿತು. ಭರವಸೆ ಬಂದದ್ದು ಆಮೇಲೆ. ರಿಚ್ಪಳ ಪಾಲಿಗೆ ಅದೂ ಬಂತೆಂದು ಹೇಳುವ ಧೈರ್ಯ ನನಗಿಲ್ಲ. ಅವಳ ಮಕ್ಕಳು ಮಣ್ಣು ಕಂಡರು, ಅಷ್ಟೇ. ಎಲುಬುಗಳನ್ನು ಒಯ್ದ ಮೇಲೆ ಅವಳು ಎಲ್ಲಿಗೆ ಹೋದಳೆಂದು ಪುಸ್ತಕದಲ್ಲಿ ಇಲ್ಲ.

ಯೆಹೂದ್ಯರು ಸಭಾಮಂದಿರಗಳಲ್ಲಿ ರೂತಳ ಪುಸ್ತಕವನ್ನು ಪ್ರತಿವರ್ಷ ಕೊಯ್ಲಿನ ಕೊನೆಗೆ ಬರುವ ವಾರಗಳ ಹಬ್ಬದಲ್ಲಿ ಓದುತ್ತಾರೆ. ಮಗ್ದಲದ ಮರಿಯಳ ಕಥೆ ಈಸ್ಟರಿಗೆ ತಪ್ಪದೆ ಬರುತ್ತದೆ. ರಿಚ್ಪಳಿಗೆ ಅಂಥ ದಿನವಿಲ್ಲ. ಹಲವು ದೇಶಗಳ ಪ್ರೊಟೆಸ್ಟೆಂಟ್ ಸಭೆಗಳು ಬಳಸುವ, 1992ರಲ್ಲಿ ಪ್ರಕಟವಾದ ಮೂರು ವರ್ಷದ ಪಾಠಪಟ್ಟಿಯ ಭಾನುವಾರಗಳಲ್ಲಿ ಆ ಅಧ್ಯಾಯ ಸೇರಿಲ್ಲ. ಗೋಲ್ಯಾತನ ಕಥೆ ಇದೆ, ಬತ್ಷೆಬೆಯ ಕಥೆ ಇದೆ, ಅಬ್ಷಾಲೋಮನಿಗಾಗಿ ದಾವೀದ ಗೋಳಿಟ್ಟದ್ದೂ ಇದೆ. ಅರಸನು ತನ್ನ ಮಗನಿಗಾಗಿ ಅತ್ತದ್ದನ್ನು ಓದುವ ನಾವು ಅದೇ ಅರಸನಿಂದ ಮಕ್ಕಳನ್ನು ಕಳೆದುಕೊಂಡವಳನ್ನು ಬಿಟ್ಟುಬಿಡುತ್ತೇವೆ.

ಶುಭ ಶುಕ್ರವಾರಕ್ಕೂ ಈಸ್ಟರಿಗೂ ನಡುವಿನ ಶನಿವಾರ ನಮ್ಮ ಸಭೆಯಲ್ಲಿ ಆರಾಧನೆ ಇರುವುದಿಲ್ಲ. ಶುಕ್ರವಾರ ಓದುವ, ಶಿಲುಬೆಯ ಮೇಲಿನ ಏಳು ಮಾತುಗಳು ಮುಗಿದಿರುತ್ತವೆ, ಭಾನುವಾರದ ಹೂವಿನ ಅಲಂಕಾರ, ಗಾಯನದ ತಯಾರಿ ನಡೆದಿರುತ್ತದೆ. ಆ ಶನಿವಾರ ಸಂಜೆ ಸೇರಿ ಎರಡನೇ ಸಮುವೇಲನ ಇಪ್ಪತ್ತೊಂದನೇ ಅಧ್ಯಾಯದ ಮೊದಲ ಹದಿನಾಲ್ಕು ವಚನಗಳನ್ನು ಓದೋಣ ಎಂದು ಕೂಟದವರು ಸಭಾಪಾಲಕರನ್ನು ಕೇಳಿದ್ದೇವೆ. ಗಟ್ಟಿಯಾಗಿ ಓದಲು ನಾಲ್ಕು ನಿಮಿಷ ಬೇಕಾದೀತು. ಅವರು ಒಪ್ಪಿದ್ದಾರೆ. ಯಾರು ಓದಬೇಕು ಎಂಬುದಷ್ಟೇ ಇನ್ನು ಗೊತ್ತಾಗಬೇಕು.